ಖುಷಿಗೆ 10ಕ್ಕೆ ಎಷ್ಟು?

ಮೊದಲ ದಿನ ತುಂಬಿಸಿದ ಹಾಳೆಗಳನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ರಾಯಚೂರು ಜಿಲ್ಲೆಯ ಒಂದು ಹಳ್ಳಿ ಶಾಲೆ, ಆರನೇ ಕ್ಲಾಸು. ‘ನಿನ್ನ ಬದುಕಿನ ಬಗ್ಗೆ ನಿನಗೆ ಎಷ್ಟು ಸಮಾಧಾನ ಇದೆ? 0ಯಿಂದ 10ರೊಳಗೆ ಒಂದಕ್ಕೆ ಸುತ್ತು ಹಾಕು’ ಎಂದು ಕೇಳಿದ್ದೆವು. ಹೆಚ್ಚುಕಡಿಮೆ ಎಲ್ಲರೂ 10ಕ್ಕೇ ಸುತ್ತು ಹಾಕಿದ್ದರು. ಮೇಷ್ಟ್ರು ಸಾಲುಗಳ ನಡುವೆ ಓಡಾಡುತ್ತಿದ್ದರು. ಒಬ್ಬ ಹುಡುಗ ಮೆಲ್ಲಗೆ ಕೇಳಿದ: “ಪಾಸ್ ಆಗಾಕ ಎಷ್ಟು ಬೇಕ್ರಿ ಮೇಡಂ?”

ಮಕ್ಕಳು ಅದನ್ನು ಪರೀಕ್ಷೆ ಅಂದುಕೊಂಡಿದ್ದರು. 10 ಅಂದರೆ ಮಾರ್ಕ್ಸು.

ರಾಯಚೂರಿನ ಹಳ್ಳಿ ಮಕ್ಕಳು ಮತ್ತು ಬೆಂಗಳೂರಿನ ಮಕ್ಕಳು ತಮ್ಮ ಬದುಕನ್ನು ತಾವೇ ಹೇಗೆ ಅಳೆಯುತ್ತಾರೆ ಎಂದು ನೋಡುವುದು ನಮ್ಮ ಉದ್ದೇಶವಾಗಿತ್ತು. ಅಪ್ಪ ಅಮ್ಮನನ್ನಲ್ಲ, ಟೀಚರನ್ನಲ್ಲ, ಮಗುವನ್ನೇ ಕೇಳಬೇಕು. ‘ಚಿಲ್ಡ್ರನ್ಸ್ ವರ್ಲ್ಡ್ಸ್’ ಎಂಬ ಅಂತರರಾಷ್ಟ್ರೀಯ ಸಮೀಕ್ಷೆ ನಿಂತಿರುವುದೂ ಇದೇ ನಂಬಿಕೆಯ ಮೇಲೆ. ಅದರ ಮೂರನೇ ಸುತ್ತಿನಲ್ಲಿ 35 ದೇಶಗಳ 1,28,000ಕ್ಕೂ ಹೆಚ್ಚು ಮಕ್ಕಳು ಉತ್ತರ ಕೊಟ್ಟಿದ್ದಾರೆ. ವಯಸ್ಸು 8, 10, 12ರ ಆಸುಪಾಸು. ಚಿಕ್ಕವರಿಗೆ ಅಂಕಿಯ ಬದಲು ಅಳುಮುಖದಿಂದ ನಗುಮುಖದವರೆಗೆ ಐದು ಚಿತ್ರ.

ಆ ದಿನದ ನಂತರ ನಾವು ಅಂಕಿಗಳನ್ನು ಪಕ್ಕಕ್ಕಿಟ್ಟು, ಒಂದೊಂದೇ ಮಗುವಿನ ಜೊತೆ ಕೂತೆವು. ಪ್ರಶ್ನೆ ಓದಿ, ‘ನಿನಗೆ ಇದು ಏನು ಅಂತ ಅರ್ಥ ಆಯ್ತು, ನಿನ್ನ ಮಾತಲ್ಲೇ ಹೇಳು’ ಅನ್ನುವುದು. ಇಡೀ ಕೆಲಸದಲ್ಲಿ ನಾನು ಜಾಸ್ತಿ ಕಲಿತದ್ದು ಇಲ್ಲೇ.

ಮಕ್ಕಳ ಸಮಾಧಾನ ಅಳೆಯಲು ನಾವು ಬಳಸಿದ ವಾಕ್ಯಗಳು 1991ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಾಟ್ ಹ್ಯೂಬ್ನರ್ ಪ್ರಕಟಿಸಿದ ಅಳತೆಪಟ್ಟಿಯಿಂದ ಬಂದವು. ಒಬ್ಬರು ಕನ್ನಡಕ್ಕೆ ತಂದರು, ಮೂಲ ನೋಡದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ಒಯ್ದರು. ಮೂಲವೂ ಮರಳಿ ಬಂದ ಇಂಗ್ಲಿಷೂ ಚೆನ್ನಾಗಿಯೇ ಹೊಂದಿದವು. ಆದರೂ ಮಕ್ಕಳ ಹತ್ತಿರ ಹೋದಾಗ ಕೆಲವು ವಾಕ್ಯ ನಿಲ್ಲಲಿಲ್ಲ. ‘ನನ್ನ ಬದುಕಿನಲ್ಲಿ ತುಂಬಾ ಬದಲಾಯಿಸಬೇಕು ಅನ್ನಿಸುತ್ತದೆ’ ಎನ್ನುವುದು ಅಸಮಾಧಾನದ ಗುರುತು ಎಂದು ಪಟ್ಟಿ ಹೇಳುತ್ತದೆ. ಒಬ್ಬ ಹುಡುಗಿ ಖುಷಿಯಿಂದ ಹೌದು ಅಂದಳು. ಯಾಕೆ ಅಂದರೆ, “ನಾನು ಪೊಲೀಸ್ ಆಗ್ಬೇಕ್ರಿ.” ಅವಳದು ಆಸೆ, ನಮ್ಮ ಲೆಕ್ಕದಲ್ಲಿ ದುಃಖ! ‘ಬೇರೆ ಮಕ್ಕಳಿಗಿಂತ ನನ್ನ ಬದುಕು ಚೆನ್ನಾಗಿದೆ’ ಅನ್ನಲು ಅನೇಕರು ಒಪ್ಪಲಿಲ್ಲ. ಹಾಗೆ ಹೇಳಿದರೆ ಜಂಬ ಅಲ್ವಾ? ದೃಷ್ಟಿ ತಾಗುತ್ತದೆ ಅಂದವರೂ ಇದ್ದರು. ಇನ್ನು ಕೆಲವರು ಮನೆಗೆ ಕಡಿಮೆ ಅಂಕ ಕೊಟ್ಟರೆ ಅವ್ವನ ಮರ್ಯಾದೆ ಹೋಗುತ್ತದೆ ಎಂದು 10 ಹಾಕಿದ್ದರು.

ದೇಶ ದೇಶಗಳ ನಡುವೆಯೂ ಇದೇ ತೊಡಕು. ಹಲವು ದೇಶಗಳ ಶಾಲಾ ಮಕ್ಕಳ ಕಲಿಕೆ ಅಳೆಯುವ ‘ಪಿಸಾ’ ಸಮೀಕ್ಷೆಯಲ್ಲಿ, 2015ರಲ್ಲಿ, 15 ವರ್ಷದವರು ತಮ್ಮ ಬದುಕಿಗೆ 10ಕ್ಕೆ ಕೊಟ್ಟ ಸರಾಸರಿ ಅಂಕ ಮೆಕ್ಸಿಕೊದಲ್ಲಿ 8.3, ದಕ್ಷಿಣ ಕೊರಿಯಾದಲ್ಲಿ 6.4. ಕೊರಿಯಾದ ಮಕ್ಕಳ ಮೇಲೆ ಓದಿನ ಒತ್ತಡ ಜಾಸ್ತಿ ಇದೆ, ನಿಜ. ತನಗೆ ತಾನೇ ಹೆಚ್ಚು ಅಂಕ ಕೊಟ್ಟುಕೊಳ್ಳಲು ಸಂಕೋಚವೂ ಇರಬಹುದು. ಎರಡೂ ಸೇರಿರಬಹುದು. ಬರೀ ಸರಾಸರಿಯಿಂದ ಇದು ತಿಳಿಯುವುದಿಲ್ಲ. ಹಾಗಾಗಿ ‘ಯಾವ ದೇಶದ ಮಕ್ಕಳು ಹೆಚ್ಚು ಸುಖಿ’ ಎಂಬ ಪಟ್ಟಿಗಳನ್ನು ಕಂಡರೆ ನನಗೆ ಕಸಿವಿಸಿ ಆಗುತ್ತದೆ.

ಹೋಲಿಸುವ ಮುಂಚೆ ತಕ್ಕಡಿಯನ್ನು ಪರೀಕ್ಷಿಸಬೇಕು. ಎರಡೂ ಕಡೆ ಅವೇ ಪ್ರಶ್ನೆಗಳು ಒಟ್ಟಾಗಿ ಒಂದೇ ವಿಷಯವನ್ನು ಹಿಡಿಯುತ್ತವೆಯೇ? ಪ್ರತಿ ಪ್ರಶ್ನೆಗೂ ಎರಡೂ ಕಡೆ ಅಷ್ಟೇ ತೂಕ ಇದೆಯೇ? ಸಮಾಧಾನ ಒಂದೇ ಮಟ್ಟದಲ್ಲಿರುವ ಇಬ್ಬರು ಮಕ್ಕಳು ಅದೇ ಅಂಕಕ್ಕೆ ಸುತ್ತು ಹಾಕುತ್ತಾರೆಯೇ? ಮೂರನೆಯದು ಸಿಗುವುದೇ ಕಷ್ಟ. ಅದು ಸಿಗದಿದ್ದರೆ ಸರಾಸರಿಗಳನ್ನು ಎದುರುಬದುರು ಇಡಬಾರದು. ಆದರೆ ಎರಡನೆಯದು ಸಿಕ್ಕಿದ್ದರೆ, ಬದುಕಿನ ಸಮಾಧಾನದ ಜೊತೆ ಯಾವುದು ಏರುತ್ತದೆ, ಯಾವುದು ಇಳಿಯುತ್ತದೆ ಎಂದು ಎರಡೂ ಕಡೆ ಹೋಲಿಸಬಹುದು. ನಾವು ಅಷ್ಟಕ್ಕೇ ನಿಂತೆವು. ರಾಯಚೂರು ಮೇಲೋ ಬೆಂಗಳೂರು ಮೇಲೋ ಎಂದು ಕೇಳಿದವರಿಗೆ ಉತ್ತರ ಕೊಡಲಿಲ್ಲ.

ಎರಡನೇ ಸಲ ಹೋದಾಗ ಮೇಷ್ಟ್ರನ್ನು ಹೊರಗೆ ಇರಲು ಕೇಳಿಕೊಂಡೆವು. ಪರೀಕ್ಷೆಯಲ್ಲ, ಸರಿ ತಪ್ಪು ಇಲ್ಲ, ಬೇಡ ಅನ್ನಿಸಿದ ಪ್ರಶ್ನೆ ಬಿಡಬಹುದು ಎಂದು ಮೊದಲೇ ಹೇಳಿದೆವು. ಸುಮ್ನೆ ಅಭ್ಯಾಸಕ್ಕೆ ಎಂದು ಮಂಡಕ್ಕಿ, ಬಿಸಿಲು, ಮಳೆಗೆಲ್ಲ ಅಂಕ ಕೊಡಿಸಿದೆವು. ಈ ಸಲ 4, 6, 7 ಎಲ್ಲಾ ಬಂದವು.

ಆಗಲೂ ಒಂದು ಪ್ರಶ್ನೆ ನಮ್ಮನ್ನು ನಿಲ್ಲಿಸಿತು. ‘ನಿನ್ನ ಮನೆಯವರ ಬಗ್ಗೆ ಎಷ್ಟು ಸಮಾಧಾನ?’ ಹುಡುಗಿಯೊಬ್ಬಳು ಪೆನ್ಸಿಲ್ ಎತ್ತಿ ಕೇಳಿದಳು: “ಯಾವ ಮನ್ಯಾಗಿನವ್ರ ಬಗ್ಗೆ ಬರೀಲ್ರಿ ಮೇಡಂ?” ಅವಳ ಅವ್ವ ಅಪ್ಪ ಗುಳೆ ಹೋಗಿದ್ದರು. ಅವಳು ಅಜ್ಜಿಯ ಜೊತೆ ಇದ್ದಳು. ಆ ಊರಲ್ಲಿ ಅವಳಂಥವರು ತುಂಬಾ ಜನ.

ಪ್ರಶ್ನೆಯನ್ನು ಎರಡು ಮಾಡಿದೆವು: ‘ಈಗ ನಿನ್ನ ಜೊತೆ ಇರುವವರು’, ‘ದೂರ ಇರುವ ನಿನ್ನವರು’. ಅವಳು ಮೊದಲನೆಯದಕ್ಕೆ 10 ಹಾಕಿದಳು. ಎರಡನೆಯದರ ಮುಂದೆ ಪೆನ್ಸಿಲ್ ಹಿಡಿದು ತುಂಬಾ ಹೊತ್ತು ಕೂತು, ಹಾಗೇ ಹಾಳೆ ಕೊಟ್ಟಳು. ಕಂಪ್ಯೂಟರಿಗೆ ಏರಿಸುವಾಗ ಅಲ್ಲಿ 0 ಹಾಕಲಿಲ್ಲ. ಖಾಲಿಯಾಗಿಯೇ ಬಿಟ್ಟೆವು.