ಯೆಜ್ಡಿ ರಿಮ್‌ಗೆ ಕ್ರೋಮ್ ಬಿಟ್ಟು ಪೌಡರ್ ಹೊಡೆದೆ: ಎರಡು ಮಳೆಗಾಲದ ನನ್ನ ಅನುಭವ

"ಕ್ರೋಮ್ ಮ್ಯಾಲೆ ಪೌಡರ್ ನಿಂದ್ರೂದಿಲ್ಲೋ ತಮ್ಮಾ, ಹಪ್ಪಳದಂಗ ಏಳತೈತಿ" ಎಂದು ಹಳೇ ಹುಬ್ಬಳ್ಳಿಯ ಕಾಕಾ ಒಬ್ಬರು ನನ್ನ ಮುಖಕ್ಕೇ ಹೇಳಿದ್ದರು. ನಲವತ್ತು ವರ್ಷ ಗಾಡಿ ಬಿಚ್ಚಿದ ಕೈ ಅವರದು. ಮೊದಲ ರಿಮ್ ಅವರು ಹೇಳಿದ ಹಾಗೆಯೇ ಎದ್ದಿತು ಕೂಡ. ಹೋದ ವಾರ ಅದೇ ಕಾಕಾ ತಮ್ಮ ಬುಲೆಟ್‌ನ ಲೆಗ್ ಗಾರ್ಡ್ ತಂದು ನನ್ನ ಶೆಡ್ಡಿನಲ್ಲಿ ಇಟ್ಟು ಹೋದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಪೌಡರ್ ಎಂದರೆ ಪೌಡರ್ ಕೋಟಿಂಗ್: ಬಣ್ಣದ ಒಣ ಪುಡಿಯನ್ನು ವಿದ್ಯುತ್ ಗನ್‌ನಿಂದ ಹೊಡೆದು, ಒಲೆಯಲ್ಲಿ ಬೇಯಿಸಿ ಕೂರಿಸುವುದು.

ಹಳೇ ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ಒರಿಜಿನಲ್ ರಿಮ್ ಸಿಕ್ಕರೆ ಬಿಡುವ ಮಾತೇ ಇಲ್ಲ. ನನ್ನ ರಿಮ್ ಜೋಡಿಗೆ ಎರಡು ಸಲ ಕ್ರೋಮ್ ಮಾಡಿಸಿದೆ. ಸಲಕ್ಕೆ ಮೂರೂವರೆ ಸಾವಿರದ ಹತ್ತಿರ. ಎಂಟು ತಿಂಗಳಿಗೆ ಸ್ಪೋಕ್ ಬಿಗಿಯುವ ನಿಪ್ಪಲ್ ತೂತಿನ ಸುತ್ತ ತುಕ್ಕು. ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತ ತೆಳು, ತುಕ್ಕು ತಡೆಯುವುದು ಕೆಳಗಿನ ನಿಕಲ್. ನಿಕಲ್ ಹಾಕುವಾಗ ಕೈ ಬಿಗಿ ಹಿಡಿದರೆ ಮೇಲೆ ಎಷ್ಟು ಹೊಳೆದರೂ ಅಷ್ಟೇ.

ಮೊದಲ ಪ್ರಯತ್ನದಲ್ಲಿ 120 ನಂಬರಿನ ಎಮರಿ ಕಾಗದದಿಂದ ಉಜ್ಜಿ ಪೌಡರ್ ಹೊಡೆದೆ. ನೋಡಲು ಕನ್ನಡಿ. ಟೈರ್ ಹಾಕುವಾಗ ಲಿವರ್ ತಾಗಿದ್ದೇ ತಡ, ಅಂಗೈ ಉದ್ದ ಸಿಪ್ಪೆ ಎದ್ದು ಬಂತು. ಎರಡನೇ ಸಲ ಆಸಿಡ್‌ನಲ್ಲಿ ಅದ್ದಿದೆ. ಕ್ರೋಮ್ ಬೇಗ ಹೋಯಿತು ನಿಜ. ಆದರೆ ರಿಮ್‌ನ ಮಡಿಕೆಯಲ್ಲಿ ಉಳಿದ ಆಸಿಡ್ ವಾರದ ಮೇಲೆ ಕಂದು ನೀರಾಗಿ ಜಿನುಗಿತು. ಬಕೆಟ್‌ನಲ್ಲಿ ಉಳಿದ ಆ ಹಸಿರು ನೀರನ್ನು ಎಲ್ಲಿ ಚೆಲ್ಲುವುದು? ಪಕ್ಕದಲ್ಲೇ ಬೋರ್‌ವೆಲ್ ಇದೆ. ಮತ್ತೆ ಆಸಿಡ್ ಮುಟ್ಟಲಿಲ್ಲ.

ಕೆಲಸ ಕೂತದ್ದು ಬ್ಲಾಸ್ಟಿಂಗ್‌ನಿಂದ, ಅಂದರೆ ಗಾಳಿಯ ಒತ್ತಡದಲ್ಲಿ ಗಟ್ಟಿ ಪುಡಿ ಹೊಡೆದು ಮೈ ಒರಟು ಮಾಡುವುದರಿಂದ. ಗೋಕುಲ್ ರೋಡಿನ ಕಡೆ ಮಾಡಿಸಿದೆ, ಅಲ್ಯೂಮಿನಿಯಂ ಆಕ್ಸೈಡ್, 80 ನಂಬರ್, ರಿಮ್‌ಗೆ 400 ರೂಪಾಯಿ. ಹುಡುಗರು ಸುಮ್ನೆ ಮೇಲೆ ಮೇಲೆ ಹೊಡೆದು ಕೊಟ್ಟುಬಿಡುತ್ತಾರೆ, ಪಕ್ಕದಲ್ಲೇ ನಿಂತಿರಬೇಕು. ಹೊಳಪು ಎಲ್ಲೂ ಕಾಣಬಾರದು. ನಾನು ಹತ್ತಿಯ ಉಂಡೆ ಇಟ್ಟುಕೊಂಡು ಹೋಗುತ್ತೇನೆ. ರಿಮ್ ಮೇಲೆ ಎಳೆದರೆ ಎಳೆಎಳೆಯಾಗಿ ಸಿಕ್ಕಿಕೊಳ್ಳಬೇಕು. ಜಾರಿದ ಕಡೆ ಮತ್ತೆ ಹೊಡೆಸುತ್ತೇನೆ. ಕ್ರೋಮ್ ಆಗಲೇ ಎದ್ದಿರುವ ಜಾಗದಲ್ಲಿ ಮಾತ್ರ ಬರಿ ಕಬ್ಬಿಣದವರೆಗೂ ಇಳಿಯಬೇಕು. ಆಮೇಲೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಮಳೆಗಾಲದಲ್ಲಿ ಎರಡು ತಾಸು ತಡವಾದರೂ ಬರಿ ಕಬ್ಬಿಣ ಕೆಂಪಾಗುತ್ತದೆ.

ಒಲೆ ನಾನೇ ಕಟ್ಟಿದ್ದು. ಹಳೇ ಕಬ್ಬಿಣದ ಕಪಾಟು, ರಾಕ್‌ವುಲ್, ಕಾಯಿಲ್, ಒಂದು ಫ್ಯಾನ್. ಎಲ್ಲಾ ಸೇರಿ 28 ಸಾವಿರದ ಸುಮಾರು. ಸೆಕೆಂಡ್ ಹ್ಯಾಂಡ್ ಗನ್ 32 ಸಾವಿರ. ಇದರಲ್ಲಿ ನಾನು ಜಾಸ್ತಿ ದುಡ್ಡು ಕಳೆದುಕೊಂಡದ್ದು ಮೀಟರ್ ನಂಬಿ. ಒಲೆ 200 ಡಿಗ್ರಿ ತೋರಿಸಿತು ಅಂತ ಹತ್ತು ನಿಮಿಷ ಎಣಿಸಿ ತೆಗೆದೆ. ತಣ್ಣಗಾದ ಮೇಲೆ ಥಿನ್ನರ್ ಬಟ್ಟೆಯಿಂದ ಒರೆಸಿದರೆ ಬಟ್ಟೆ ಕಪ್ಪು! ಗಾಳಿ ಕಾದಿತ್ತು, ರಿಮ್ ಕಾದಿರಲಿಲ್ಲ. ನಾಲ್ಕು ಪೀಸ್ ಹೀಗೆ ಹೋದವು. ಈಗ ಬಿಸಿ ಅಳೆಯುವ ಥರ್ಮೋಕಪಲ್ ವೈರನ್ನು ರಿಮ್‌ಗೇ ಕಟ್ಟುತ್ತೇನೆ. ಲೋಹ 200 ಮುಟ್ಟಿದ ಮೇಲೆ ಎಣಿಕೆ ಶುರು.

ನಿಪ್ಪಲ್ ಕುಳಿಗಳಲ್ಲಿ ಪೌಡರ್ ಕೂರುವುದಿಲ್ಲ ಎನ್ನುವವರು ಗನ್ನನ್ನು 80 ಕೆವಿಯಲ್ಲೇ (ಕಿಲೋವೋಲ್ಟ್) ಇಟ್ಟು ಹೊಡೆಯುತ್ತಿರುತ್ತಾರೆ. 40ಕ್ಕೆ ಇಳಿಸಿ, ಗಾಳಿಯನ್ನೂ ತಗ್ಗಿಸಿ, ಮೊದಲು ಕುಳಿಗಳಿಗೆ ಹೊಡೆಯಿರಿ. ರಿಮ್ ತೂಗುಹಾಕುವ ಕೊಕ್ಕೆಯನ್ನು ಪ್ರತಿ ಸಲ ಕೆರೆಯಿರಿ, ಅದರ ಮೇಲೆ ಹಳೇ ಪೌಡರ್ ಕೂತಿದ್ದರೆ ಅರ್ಥಿಂಗ್ ಸಿಗುವುದಿಲ್ಲ. ಕೊಕ್ಕೆಯ ಗುರುತು ಕಾಣದ ಹಾಗೆ ರಿಮ್ ಎಲ್ಲಿಂದ ತೂಗಿಸುತ್ತೇನೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಗೆಳೆಯನೊಬ್ಬನ ಪೆಟ್ರೋಲ್ ಟ್ಯಾಂಕಿಗೂ ಕೈ ಹಾಕಿದೆ. ತೊಳೆದು, ವಾರ ಬಿಸಿಲಿಗೆ ಇಟ್ಟು, ವಾಸನೆ ಪೂರ್ತಿ ಹೋದ ಮೇಲೇ ಒಲೆಗೆ ಇಟ್ಟದ್ದು. ತೆಗೆದು ನೋಡಿದರೆ ತಳದಲ್ಲಿ ಬೆಳ್ಳಿಯಂಥ ಹನಿಗಳು. ಯಾರೋ ಎಂದೋ ಸೋಲ್ಡರ್ ಹಾಕಿ ತೂತು ಮುಚ್ಚಿದ್ದರು. ತವರ-ಸೀಸದ ಸೋಲ್ಡರ್ 200 ಡಿಗ್ರಿಯ ಒಳಗೇ ಕರಗತೊಡಗುತ್ತದೆ, ಅಲ್ವಾ? ರಿಪೇರಿಗೆ ಎರಡೂವರೆ ಸಾವಿರ ನಾನೇ ಕೊಟ್ಟೆ. ಈಗ ಟ್ಯಾಂಕ್ ಬಂದರೆ ಮೊದಲು ಪೇಂಟ್ ಪೂರ್ತಿ ಕೆರೆದು ನೋಡುತ್ತೇನೆ.

ಕ್ರೋಮ್‌ನಂತೆ ಕಾಣುವ ಸಿಲ್ವರ್ ಪೌಡರನ್ನೂ ತರಿಸಿದೆ. ಒಲೆಯಿಂದ ತೆಗೆದಾಗ ಮುಖ ಕಾಣುತ್ತದೆ, ಮೇಲೆ ಕ್ಲಿಯರ್ (ಬಣ್ಣವಿಲ್ಲದ ಪಾರದರ್ಶಕ ಕೋಟು) ಹೊಡೆದರೆ ಅಲ್ಯೂಮಿನಿಯಂ ಪಾತ್ರೆಯ ಬಣ್ಣಕ್ಕೆ ಇಳಿಯುತ್ತದೆ. ಕ್ಲಿಯರ್ ಬಿಟ್ಟರೆ ಬೆರಳಿನ ಗುರುತು ಉಳಿಯುತ್ತದೆ. ಮೊದಲ ಕೋಟನ್ನು ಪೂರ್ತಿ ಬೇಯಿಸದೆ ಮೇಲಿನದನ್ನು ಹೊಡೆದಾಗ ಹೊಳಪು ಮುಕ್ಕಾಲು ಪಾಲು ಉಳಿಯಿತು. ಎಷ್ಟು ನಿಮಿಷ ಅಂತ ಕೇಳಬೇಡಿ, ಹನ್ನೊಂದು ಪೀಸ್ ಹಾಳು ಮಾಡಿ ಕಲಿತದ್ದು ಅದು. ಎಂಜಿನ್‌ನಿಂದ ಹೊಗೆ ಒಯ್ಯುವ ಬೆಂಡ್ ಪೈಪಿಗೆ ಮಾಮೂಲಿ ಪೌಡರ್ ಹೊಡೆದು ಧಾರವಾಡಕ್ಕೆ ಹೋಗಿ ಬರುವಷ್ಟರಲ್ಲಿ ಕಂದಾಗಿ ನಾರುತ್ತಿತ್ತು. ಅದಕ್ಕೆ ಸಿಲಿಕೋನ್ ಪೌಡರೇ ಬೇಕು. ಮುಂದಿನ ಶಾಕ್ ಅಬ್ಸಾರ್ಬರ್‌ನ ಫೋರ್ಕ್ ರಾಡ್ ತಂದರೆ ವಾಪಸ್ ಕಳಿಸುತ್ತೇನೆ, ಆಯಿಲ್ ಸೀಲ್ ಓಡಾಡುವ ಜಾಗ ಹಾರ್ಡ್ ಕ್ರೋಮ್‌ದೇ.

ನನ್ನ ಕಪ್ಪು ರಿಮ್‌ಗಳು ಎರಡು ಮಳೆಗಾಲ ಕೆಸರು ತಿಂದಿವೆ, ಟೈರ್ ಒಂದು ಸಲ ಬದಲಾಗಿದೆ. ಒಂದು ಕಡೆ ಲಿವರ್‌ನ ಗೀರು ಇದೆ. ಉಗುರಿನಿಂದ ಕೆದಕಿದರೂ ಅಂಚು ಏಳುವುದಿಲ್ಲ. ಶೆಡ್ಡಿನ ಖರ್ಚು ಬಿಟ್ಟರೆ ಜೋಡಿಗೆ ಬಿದ್ದದ್ದು ಹದಿನೈದು ನೂರರ ಒಳಗೆ.

ಕಾಕಾನ ಲೆಗ್ ಗಾರ್ಡ್ ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು. ಹಾಗೇ ಒಲೆಗೆ ಇಟ್ಟರೆ ಆವಿ ಬಂದು ಪೌಡರ್ ಗುಳ್ಳೆ ಗುಳ್ಳೆ ಆಗುತ್ತದೆ. ನಾಳೆ ಅಡಿಯಲ್ಲಿ ಮೂರು ಎಂಎಂ ತೂತು ಕೊರೆದು, ಪೌಡರ್ ಹೊಡೆಯದೇ ಒಲೆಯಲ್ಲಿ ಒಂದು ಸಲ ಕಾಯಿಸಿ, ಆಮೇಲೆ ಗೋಕುಲ್ ರೋಡಿಗೆ ಒಯ್ಯುತ್ತೇನೆ.