ಬಸ್ಸಿನ ಹೊಟ್ಟೆಯಲ್ಲಿದ್ದ ಹತ್ತು ಪೈಸೆ

ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಹಾಗಾಗಿ ನಮ್ಮ ಮನೆಗೆ ಆಟದ ಗಾಡಿ ಬರುತ್ತಿದ್ದುದೂ ಎರಡು ವರ್ಷಕ್ಕೊಮ್ಮೆ, ಅದೂ ಅಣ್ಣನಿಗೂ ನನಗೂ ಸೇರಿ ಒಂದೇ. 1980ರ ದಶಕದ ಆ ಸಂಪತ್ತಿನಲ್ಲಿ ಉಳಿದದ್ದು ಎರಡು: ಒಂದು ತಗಡಿನ ಲಾರಿ, ಇನ್ನೊಂದು ನೆಲಕ್ಕೆ ಉಜ್ಜಿ ಬಿಟ್ಟರೆ ಓಡುವ ಕೆಂಪು ಬಸ್ಸು. ಅಟ್ಟ ಸ್ವಚ್ಛ ಮಾಡುವಾಗ ಅವ್ವನ ಹಳೆಯ ಟ್ರಂಕಿನಲ್ಲಿ ಸಿಕ್ಕವು.

ಲಾರಿಯನ್ನು ಹಾಳು ಮಾಡಿದ್ದು ನಾನೇ. ಕೊಳೆ ಬೇಗ ಹೋಗಲಿ ಎಂದು ಥಿನ್ನರ್ ಹಾಕಿ ಒರೆಸಿದೆ. ಕೊಳೆಯ ಜೊತೆ ಚಾಲಕನ ಮುಖವೂ ಬಟ್ಟೆಗೆ ಬಂತು, ಮೀಸೆ ಸಮೇತ. ಇಂಥ ಆಟಿಕೆಗಳಲ್ಲಿ ಪ್ರಯಾಣಿಕರು, ನಂಬರ್ ಪ್ಲೇಟು ಎಲ್ಲವನ್ನೂ ಸಪಾಟಾದ ತಗಡಿನ ಮೇಲೆ ಮೊದಲು ಮುದ್ರಿಸಿ, ಆಮೇಲೆ ಅಚ್ಚಿನಲ್ಲಿ ಒತ್ತಿ ಮಡಚುತ್ತಾರೆ. ಹೋದ ಚಿತ್ರವನ್ನು ಕುಂಚ ಹಿಡಿದು ಮರಳಿ ತರುವುದು ನನ್ನಂಥವನಿಂದ ಆಗದ ಕೆಲಸ. ಲಾರಿ ಈಗ ಚಾಲಕನಿಲ್ಲದೆಯೇ ಕಪಾಟಿನಲ್ಲಿ ನಿಂತಿದೆ.

ಬಸ್ಸಿನ ಬಳಿ ಹೋಗುವಾಗ ಬುದ್ಧಿ ಬಂದಿತ್ತು. ಸೋಪಿನ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬನಿಯನ್ ಬಟ್ಟೆ, ಮೊದಲು ಬಸ್ಸಿನ ಅಡಿಯಲ್ಲಿ ಪರೀಕ್ಷೆ, ಒರೆಸಿದ ಕೂಡಲೇ ಒಣಬಟ್ಟೆ. ತುಕ್ಕು ಹಿಡಿದ ಒಳಭಾಗಕ್ಕೆ ಮಾತ್ರ ಎಣ್ಣೆ ಹಚ್ಚಿದ ನಯವಾದ ಉಕ್ಕಿನ ನಾರು. ಹಳೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಉಪ್ಪುಕಾಗದ ಹಿಡಿದು ಒಣದಾಗಿ ಉಜ್ಜಿ ಧೂಳೆಬ್ಬಿಸಲಿಲ್ಲ. ಮೊಮ್ಮಗಳನ್ನೂ ಆ ಮೂಲೆಗೆ ಬಿಡಲಿಲ್ಲ.

ನಿಜವಾದ ತಾಳ್ಮೆ ಬೇಕಾದದ್ದು ಬಿಚ್ಚುವಾಗ. ಸ್ಕ್ರೂ ಇಲ್ಲ, ಬೆಸುಗೆ ಇಲ್ಲ. ಮೇಲ್ಮೈಯ ತಗಡಿನ ಪುಟ್ಟ ನಾಲಿಗೆಗಳು ಅಡಿಯ ಸೀಳುಗಳಲ್ಲಿ ತೂರಿ ಮಡಚಿಕೊಂಡಿರುತ್ತವೆ. ಎರಡು ಮೂರು ಸಲ ಎತ್ತಿ ಮಡಚಿದರೆ ಪಟ್ಟೆಂದು ಮುರಿಯುತ್ತವೆ. ಹೊಲಿಗೆ ಯಂತ್ರದ ಸಣ್ಣ ಸ್ಕ್ರೂಡ್ರೈವರಿನಿಂದ ಒಂದೊಂದನ್ನೇ, ನೆಟ್ಟಗಾಗುವಷ್ಟೂ ಅಲ್ಲ, ಸೀಳಿನಿಂದ ಜಾರುವಷ್ಟು ಮಾತ್ರ ಎಬ್ಬಿಸಿದೆ. ಎಂಟರಲ್ಲಿ ಏಳು ಬದುಕಿದವು.

ಒಳಗಿನ ಯಂತ್ರ ಸರಳ: ಗಾಲಿಯ ಅಚ್ಚಿನಿಂದ ಹಲ್ಲುಚಕ್ರಗಳ ಮೂಲಕ ಒಂದು ಭಾರದ ಬಿಲ್ಲೆ ಜೋರಾಗಿ ತಿರುಗುತ್ತದೆ; ಕೈ ಬಿಟ್ಟ ಮೇಲೆ ಆ ಬಿಲ್ಲೆಯ ಓಟವೇ ಗಾಲಿಯನ್ನು ಎಳೆಯುತ್ತದೆ. ನಮ್ಮದು ಜಾಮ್ ಆಗಿದ್ದದ್ದು ತುಕ್ಕಿನಿಂದಲ್ಲ, ನೂಲಿನಿಂದ. ಅಪ್ಪಾಜಿ ಹತ್ತಿ ಗಿರಣಿಯಲ್ಲಿದ್ದರು. ಅವರ ಅಂಗಿಗೆ ಅಂಟಿ ಬಂದ ಎಳೆಗಳು ಮನೆಯ ನೆಲದಲ್ಲೆಲ್ಲ ಇರುತ್ತಿದ್ದವು. ಅಚ್ಚಿಗೆ ಸುತ್ತಿಕೊಂಡಿದ್ದ ಅಷ್ಟನ್ನೂ ಸೂಜಿಯಿಂದ ಬಿಡಿಸಲು ಒಂದು ಇಡೀ ಸಂಜೆ ಹಿಡಿಯಿತು. ಬಿಸಾಡಲು ಮನಸ್ಸಾಗದೆ ಆ ನೂಲಿನ ಉಂಡೆಯನ್ನು ಬೆಂಕಿಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಅಚ್ಚಿನ ಎರಡು ತುದಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೊಂದು ಹನಿ. ಕಳೆದುಹೋಗಿದ್ದ ಹಿಂದಿನ ಗಾಲಿಯನ್ನು ಸವೆದ ಹವಾಯಿ ಚಪ್ಪಲಿಯಿಂದ ಕತ್ತರಿಸಿದೆ. ಆ ವಿದ್ಯೆ ನಮ್ಮ ಓರಗೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಸ್ಸಿನ ಹೊಟ್ಟೆಯಲ್ಲಿ ಇನ್ನೂ ಎರಡು ವಸ್ತುಗಳಿದ್ದವು. ಒಂದು, ಕಲ್ಲಿನಂತಾದ ಮಂಡಕ್ಕಿ ಕಾಳು. ಕಿಟಕಿಯಿಂದ ತುರುಕುತ್ತಿದ್ದ ನಮ್ಮ ಪ್ರಯಾಣಿಕರಲ್ಲಿ ಅಶೋಕ ರಸ್ತೆಯ ರೈಲ್ವೆ ಗೇಟಿನಲ್ಲಿ ಸಿಕ್ಕಿಬಿದ್ದವನಂತೆ ಇವನೊಬ್ಬ ಇಳಿಯದೇ ಉಳಿದಿದ್ದ. ಇನ್ನೊಂದು, ಅಂಚು ಅಲೆಅಲೆಯಾಗಿರುವ ಅಲ್ಯೂಮಿನಿಯಂ ಹತ್ತು ಪೈಸೆ. ಅಣ್ಣನದು. ಅದನ್ನು ನಾನು ಕದ್ದು ಪೆಪ್ಪರಮಿಂಟು ತಿಂದೆನೆಂದು ಅವನು ಅಪ್ಪಾಜಿಗೆ ಹೇಳಿ ನನಗೆ ಎರಡು ಏಟು ಕೊಡಿಸಿದ್ದ.

ಫೋನ್ ಮಾಡಿದೆ. “ಸಿಕ್ಕಿತೇನೋ? ಹಾಗಾದರೆ ನಲವತ್ತು ವರ್ಷದ ಬಡ್ಡಿ ಸೇರಿಸಿ ಇಟ್ಟಿರು” ಎಂದ.
“ಏಟಿನ ಬಡ್ಡಿ ಯಾರು ಕೊಡುತ್ತಾರೆ, ಅಣ್ಣ?” ಎಂದೆ. ಉತ್ತರ ಬರಲಿಲ್ಲ, ಕೆಮ್ಮು ಬಂತು.

ಬಸ್ಸನ್ನು ಜೋಡಿಸಿ ಓಡಿಸಿದೆ. ಎಡಕ್ಕೆ ಎಳೆಯಿತು, ಮೊದಲಿನ ಹಾಗೆಯೇ. ಆದರೆ ಏನೋ ಕೊರತೆ. ನಾವು ಇಂಜಿನ್ನಿನ ಸದ್ದೆಂದು ತಿಳಿದಿದ್ದ ಲೊಟಲೊಟ ಇಲ್ಲವೇ ಇಲ್ಲ! ನಾಲಿಗೆಗಳನ್ನು ಮತ್ತೊಮ್ಮೆ ಎಬ್ಬಿಸುವ ಧೈರ್ಯವಾಗದೆ ಹತ್ತು ಪೈಸೆಯನ್ನು ಕಿಟಕಿಯಿಂದಲೇ ಒಳಗೆ ಬಿಟ್ಟೆ. ಸದ್ದು ಬಂತು.

ಮುಂದಿನ ಭಾನುವಾರ ಬಂದ ಅಣ್ಣ ತನ್ನ ಹಣ ಕೇಳಿದ. ಬೆಣ್ಣೆ ದೋಸೆ ಕೊಡಿಸಿ ಲೆಕ್ಕ ಚುಕ್ತಾ ಮಾಡೋಣವೆಂದು ಕರೆದುಕೊಂಡು ಹೋದೆ. ಎರಡು ತಿಂದು, ಮೂರನೆಯದಕ್ಕೆ ಹೇಳಿದ.