ನೋಂದಣಿ ಫಾರ್ಮು ಎತ್ತಿಟ್ಟ ಮೇಲೆ ತೆರೆದ ಬಾಗಿಲು: ನನ್ನ ಅನುಭವ

ನಾನು ಕೆಲಸ ಮಾಡುವ ಯುವಕೇಂದ್ರವು ಪಶ್ಚಿಮ ಸಿಡ್ನಿಯಲ್ಲಿ, ಅಲ್ಲಿನ ಮೂಲನಿವಾಸಿಗಳಾದ ದಾರುಗ್ ಜನರ ನೆಲದಲ್ಲಿದೆ. ಮೌಂಟ್ ಡ್ರೂಯಿಟ್ ಸುತ್ತಮುತ್ತ ಅಬಾರಿಜಿನಲ್ (ಮೂಲನಿವಾಸಿ) ಕುಟುಂಬಗಳು ಬಹಳಷ್ಟಿದ್ದರೂ, ನಾನು ಸೇರಿದ ವರ್ಷ ಆ ಮನೆಗಳಿಂದ ನಮ್ಮಲ್ಲಿಗೆ ಬಂದ ಹುಡುಗ ಹುಡುಗಿಯರು ನಾಲ್ಕೈದು ಮಂದಿ; ಎರಡನೆಯ ಸಲ ಬಂದವನು ಒಬ್ಬನೇ.

ಮೊದಲು ನಾನೂ ಬಾಗಿಲಿಗೆ ಅಬಾರಿಜಿನಲ್ ಜನರ ಕಪ್ಪು, ಹಳದಿ, ಕೆಂಪಿನ ಬಾವುಟ ಅಂಟಿಸಿ, ಗೋಡೆಗೆ ದೊಡ್ಡ ಚುಕ್ಕಿಚಿತ್ರ ಹಾಕಿಸಿದೆ. ಸುಮಾರು 1,800 ಡಾಲರ್ ಖರ್ಚಾಯಿತು. ಆ ಒಬ್ಬ ಹುಡುಗ ಚಿತ್ರವನ್ನು ನೋಡಿ, "ಇದು ಯಾರ ಮಾಬ್‌ದು?" ಎಂದು ಕೇಳಿದ. ಮಾಬ್ ಎಂದರೆ ಅವರ ಮಾತಿನಲ್ಲಿ ತಮ್ಮ ಕುಲದವರು, ಬಳಗ. ಆ ಶೈಲಿ ಸುಮಾರು 2,000 ಕಿಲೋಮೀಟರ್ ದೂರದ ಮಧ್ಯ ಮರುಭೂಮಿಯವರದು. ಕೊಡಗಿನವರನ್ನು ಬರಮಾಡಿಕೊಳ್ಳಲು ರಾಜಸ್ಥಾನದ ಬೊಂಬೆ ತೂಗುಹಾಕಿದಂತಾಗಿತ್ತು ನನ್ನ ಕೆಲಸ.

ಅದಕ್ಕಿಂತ ದೊಡ್ಡ ತಪ್ಪು ಆರು ಪುಟಗಳ ನೋಂದಣಿ ಫಾರ್ಮು. ಮನೆಯಲ್ಲಿ ಯಾರ್ಯಾರಿದ್ದಾರೆ, ಮಕ್ಕಳು ಎಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆಗಳು ನಮಗೆ ಬರೀ ಮಾಹಿತಿ. ಆದರೆ ಹಿಂದೆ ಸರ್ಕಾರಿ ಅಧಿಕಾರಿಗಳು ಅಬಾರಿಜಿನಲ್ ಮಕ್ಕಳನ್ನು ಮನೆಗಳಿಂದ ಕಿತ್ತುಕೊಂಡು ಹೋದದ್ದನ್ನು ಕಂಡ ಅಜ್ಜಿಗೆ, 2008ರ ಫೆಬ್ರವರಿ 13ರಂದು ಆಗಿನ ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಅದಕ್ಕೆ ಕ್ಷಮೆ ಕೇಳಿದ ಮೇಲೂ, ಅದೇ ಅಧಿಕಾರಿಗಳ ದನಿಯೇ ಅವುಗಳಲ್ಲಿ ಕೇಳಿಸುತ್ತದೆ. ಮೂರು ಭೇಟಿ ತಪ್ಪಿದರೆ ಕಡತ ಮುಚ್ಚುವ ನಿಯಮವೂ ನಮ್ಮಲ್ಲಿತ್ತು. 'ಸಾರಿ ಬಿಸಿನೆಸ್' ಎಂದು ಈ ಕುಟುಂಬಗಳವರು ಕರೆಯುವುದು ಸಾವಿನ ಸೂತಕವನ್ನು. ಇಡೀ ಕುಟುಂಬ ದೂರದ ಊರಿಗೆ ಹೋಗಿ ಹತ್ತು ಹನ್ನೆರಡು ದಿನ ಉಳಿಯುತ್ತದೆ. ಅಷ್ಟರಲ್ಲಿ ನಮ್ಮ ಕಡತ ಮುಚ್ಚಿರುತ್ತಿತ್ತು.

ಕೊನೆಗೆ ಫಲ ಕೊಟ್ಟದ್ದು ಸ್ಥಳೀಯ ಹಿರಿಯರೊಬ್ಬರನ್ನು, ನಾವೆಲ್ಲ ಆಂಟಿ ಎಂದೇ ಕರೆಯುವವರನ್ನು, ವಾರಕ್ಕೆ 12 ಗಂಟೆ ಸಂಬಳಕ್ಕೆ ನೇಮಿಸಿದ್ದು. "ಚಹಾ, ಕೇಕು ಕೊಟ್ಟು ಒಂದು ದಿನ ಕರೆದರೆ ಸಾಲದೇ?" ಎಂದರು ನಮ್ಮ ವ್ಯವಸ್ಥಾಪಕರು. ಪ್ರಚಾರಕ್ಕೂ ತರಬೇತಿಗೂ ಇಟ್ಟಿದ್ದ ಹಣದಿಂದ ವರ್ಷಕ್ಕೆ 28 ಸಾವಿರ ಡಾಲರಿನಷ್ಟನ್ನು ನಾನು ಹಟ ಹಿಡಿದು ತೆಗೆಸಿದೆ. ಆಂಟಿ ಫಾರ್ಮನ್ನು ಡ್ರಾಯರಿನಲ್ಲಿಟ್ಟರು, ಕುರ್ಚಿಗಳನ್ನು ಹಿತ್ತಲಿನ ಜಗುಲಿಗೆ ಸಾಗಿಸಿದರು, ಬಂದವರನ್ನೆಲ್ಲ ಯಾವ ಊರು, ಯಾರ ಕಡೆಯವರು ಎಂದು ವಿಚಾರಿಸಿದರು. ತೀರ್ಥಹಳ್ಳಿಯ ನಮ್ಮಜ್ಜಿ ಅಪರಿಚಿತರನ್ನು ಕೇಳುತ್ತಿದ್ದುದೂ ಇದನ್ನೇ. ವೈಯಕ್ತಿಕ ವಿಷಯ ಕೆದಕಬಾರದೆಂದು ಇಲ್ಲಿನ ತರಬೇತಿಯಲ್ಲಿ ಕಲಿತ ನಾನು ಅದನ್ನು ಮರೆತಿದ್ದೆ. ಈಗ ನನ್ನ ಊರನ್ನು ಮೊದಲು ಹೇಳಿ, ಆಮೇಲೆ ಅವರ ಊರನ್ನು ಕೇಳುತ್ತೇನೆ.

ನಡುವೆ ಚಿತ್ರಾನ್ನ ಮಾಡಿ ಬಡಿಸಿದ್ದೂ ಉಂಟು. ಸಾಸೇಜಿನ ಮುಂದೆ ಅದು ನಿಲ್ಲಲಿಲ್ಲ. ಹಳೆಯ ಲ್ಯಾಪ್‌ಟಾಪಿನಲ್ಲಿ ರ್‍ಯಾಪ್ ಧ್ವನಿಮುದ್ರಣಕ್ಕೆ ಅವಕಾಶ ಕೊಟ್ಟದ್ದು ಮಾತ್ರ ಚೆನ್ನಾಗಿ ಹಿಡಿಸಿತು. ಎಲ್ಲಕ್ಕಿಂತ ಹೆಚ್ಚು ಮಾತು ಹೊರಡುವುದು ಮನೆಗೆ ಬಿಡುವ ವ್ಯಾನಿನಲ್ಲಿ.

ಎರಡನೆಯ ವರ್ಷ ಬಂದವರು ಸುಮಾರು 60 ಮಂದಿ, ಅರ್ಧಕ್ಕಿಂತ ಹೆಚ್ಚಿನವರು ಮತ್ತೆ ಮತ್ತೆ ಬಂದರು. ಈಗ ಆಂಟಿಯ 12 ಗಂಟೆಗಳನ್ನು 20ಕ್ಕೆ ಏರಿಸಲು ಅರ್ಜಿ ಹಾಕಿದ್ದೇನೆ. ಜೂನ್ 30ರೊಳಗೆ ಹಣ ಮಂಜೂರಾಗಬೇಕು, ಈ ಸಲ ಅರ್ಜಿಗೆ ಮೊದಲು ಸಹಿ ಹಾಕಿದವರು ಅದೇ ವ್ಯವಸ್ಥಾಪಕರು.